ಪುಟ್ಟ ಮಗುವಿನ ಜೊತೆ ಥೀಮ್ ಪಾರ್ಕ್: ಮಧ್ಯಾಹ್ನದ ನಿದ್ದೆಗೆ ಎಲ್ಲಿ ಜಾಗ?

ಒಂದು ಬೇಸಿಗೆಯ ಸೋಮವಾರ. ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ಒಂದು ಕುಟುಂಬ ಮೆಟ್ಟಿಲ ಮೇಲೆ ಕಾದು ಕುಳಿತಿತ್ತು. ತಾಯಿಯ ಹೆಗಲ ಮೇಲೆ ಒಂದು ವರ್ಷ ಹತ್ತು ತಿಂಗಳಿನ ಗಂಡುಮಗು ತಲೆ ಚೆಲ್ಲಿ ಮಲಗಿತ್ತು. ಹಿಂದಿನ ರಾತ್ರಿಯಿಂದ ನಾಲ್ಕು ಸಲ ವಾಂತಿ, ಎರಡು ಸಲ ನೀರಿನಂಥ ಭೇದಿ. “ಉಚ್ಚೆ ಯಾವಾಗ ಮಾಡಿದ?” ಎಂದು ಕೇಳಿದೆ. ತಾಯಿ ಅಜ್ಜಿಯ ಮುಖ ನೋಡಿದರು, ಅಜ್ಜಿ ಮಗನ ಮುಖ ನೋಡಿದರು. ಡಯಾಪರ್ ಹಾಕಿದ್ದರಿಂದ ಯಾರಿಗೂ ಗೊತ್ತಿಲ್ಲ. ಬಿಚ್ಚಿ ನೋಡಿದರೆ ಒಣಗಿತ್ತು.

ವಿಚಾರಿಸಿದಾಗ ಕತೆ ಹೊರಬಂತು. ಶನಿವಾರ ರಾತ್ರಿ ಬಸ್ಸಿಗೆ ಹೊರಟು, ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಲಾಡ್ಜಿನಲ್ಲಿ ಮುಖ ತೊಳೆದು, ಹನ್ನೊಂದಕ್ಕೆ ಸರಿಯಾಗಿ ಒಂದು ಥೀಮ್ ಪಾರ್ಕಿನ ಬಾಗಿಲಲ್ಲಿ ನಿಂತಿದ್ದಾರೆ. ಸಂಜೆ ಆರರವರೆಗೆ ಆಟ, ಮತ್ತೆ ರಾತ್ರಿ ಬಸ್ಸು. ಮಗು ಇಡೀ ದಿನ ಮಲಗಿಲ್ಲ. ಕುಡಿದದ್ದು ಅರ್ಧ ಬಾಟಲಿ ತಂಪು ಪಾನೀಯ, ತಿಂದದ್ದು ಐಸ್‌ಕ್ರೀಮು. “ತಲೆಗೆ ಇಷ್ಟಿಷ್ಟು ಅಂತ ದುಡ್ಡು ಕೊಟ್ಟು ಟಿಕೆಟ್ ತಗೊಂಡ ಮೇಲೆ ಮಧ್ಯಾಹ್ನಕ್ಕೇ ಹೊರಗೆ ಬರೋಕಾಗುತ್ತಾ ಡಾಕ್ಟ್ರೇ?” ಎಂದರು ತಂದೆ. ಅಜ್ಜಿಯ ಅಭಿಪ್ರಾಯ ಬೇರೆ: “ಅಷ್ಟು ಜನ ಸೇರಿದ ಕಡೆ ಕೂಸಿಗೆ ದೃಷ್ಟಿ ತಾಗದೆ ಇರುತ್ತಾ?”

ವಾಂತಿ ಭೇದಿಗೆ ಕಾರಣವಾದ ರೋಗಾಣು ಎಲ್ಲಿ ಸಿಕ್ಕಿತೆಂದು ಹೇಳುವುದು ಕಷ್ಟ. ಪಾರ್ಕಿಗೆ ಹೋಗುವ ಮೊದಲೇ ಹೊಟ್ಟೆ ಸೇರಿರಲೂಬಹುದು. ಆದರೆ ಮಗು ಅಷ್ಟು ಬೇಗ ಕುಸಿದದ್ದಕ್ಕೆ ಕಾರಣ ಸ್ಪಷ್ಟವಿತ್ತು. ವಾಂತಿ ಶುರುವಾಗುವ ಹೊತ್ತಿಗೇ ಮೈಯಲ್ಲಿ ನೀರು ಕಡಿಮೆಯಾಗಿತ್ತು. ಹನ್ನೊಂದು ಕಿಲೋ ತೂಕದ ಮಗು. ನಾಲ್ಕು ಗಂಟೆಯಲ್ಲಿ ಸುಮಾರು 800 ಮಿಲಿಲೀಟರ್ ಓಆರ್‌ಎಸ್ ದ್ರಾವಣ ಹೋಗಬೇಕು. ಬಾಟಲಿಯಲ್ಲಿ ಗಟಗಟ ಕುಡಿಸಿದರೆ ಮತ್ತೆ ವಾಂತಿ. ನಿಮಿಷಕ್ಕೊಂದು ಚಮಚದಂತೆ ಅಜ್ಜಿ ಅಲ್ಲೇ ಬೆಂಚಿನ ಮೇಲೆ ಕೂತು ಕುಡಿಸಿದರು. ಮಧ್ಯಾಹ್ನದ ಹೊತ್ತಿಗೆ ಮಗು ನನ್ನ ಪರೀಕ್ಷಾ ಮೇಜಿನ ಬಟ್ಟೆ ಒದ್ದೆ ಮಾಡಿತು. ಮಕ್ಕಳ ವೈದ್ಯರಿಗೆ ಅದಕ್ಕಿಂತ ಸಮಾಧಾನದ ವಿಷಯ ಇನ್ನೊಂದಿಲ್ಲ.

ಹಾಗಾದರೆ ಒಂದರಿಂದ ಮೂರು ವರ್ಷದ ಮಕ್ಕಳನ್ನು ಇಂಥ ಕಡೆಗೆ ಕರೆದೊಯ್ಯಲೇಬಾರದೆ? ಹಾಗೇನಿಲ್ಲ. ಮನೆಯಲ್ಲಿ ದೊಡ್ಡ ಮಗುವೂ ಇರುತ್ತದೆ, ಅದು ಬೇಸಿಗೆ ರಜೆಗಾಗಿ ಕಾದಿರುತ್ತದೆ. ಕರೆದೊಯ್ಯಿರಿ. ಆದರೆ ಆ ದಿನದ ಕಾರ್ಯಕ್ರಮವನ್ನು ಟಿಕೆಟಿನ ಬೆಲೆ ನೋಡಿ ಹಾಕಬೇಡಿ, ಚಿಕ್ಕ ಮಗುವಿನ ನಿದ್ದೆ ನೋಡಿ ಹಾಕಿ.

ಲೆಕ್ಕ ಹೀಗಿದೆ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಇದರಲ್ಲಿ ಸೇರಿದೆ. ಮೂರು ವರ್ಷದ ಮಗುವಿಗೆ 10ರಿಂದ 13 ಗಂಟೆ. ನಮ್ಮ ಕಡೆಯ ಹೆಚ್ಚಿನ ಪಾರ್ಕುಗಳು ಬಾಗಿಲು ತೆರೆಯುವುದೇ ಹತ್ತೂವರೆ, ಹನ್ನೊಂದಕ್ಕೆ. ಬಿಸಿಲು ಏರುವ ಹೊತ್ತೂ ಅದೇ, ಮಗು ಕಣ್ಣುಜ್ಜಲು ಶುರುಮಾಡುವ ಹೊತ್ತೂ ಸುಮಾರು ಅದೇ. ಆದ್ದರಿಂದ ಒಳಗೆ ಹೋದ ಮೊದಲ ಎರಡು ಗಂಟೆ ಚಿಕ್ಕ ಮಗುವಿನದು ಎಂದುಕೊಳ್ಳಿ. ಒಂದು ಗಂಟೆಯೊಳಗೆ ಊಟ. ಒಂದರಿಂದ ಮೂರರವರೆಗೆ ನೆರಳಿನಲ್ಲಿ, ಸದ್ದಿನಿಂದ ದೂರದಲ್ಲಿ ನಿದ್ದೆ. ಆಗ ದೊಡ್ಡ ಮಗುವನ್ನು ಒಬ್ಬರು ಆಟಗಳಿಗೆ ಕರೆದೊಯ್ಯಲಿ. ಎದ್ದ ಮೇಲೆ ಒಂದೂವರೆ ಗಂಟೆ ಮತ್ತೆ ಆಟ, ಐದಕ್ಕೆ ಹೊರಗೆ. ಮರುದಿನ ಬೆಳಿಗ್ಗೆ ಪ್ರಯಾಣ. ರಾತ್ರಿ ಬಸ್ಸಿನಿಂದ ಇಳಿದು ನೇರ ಪಾರ್ಕಿಗೆ ಹೋಗುವ ಬದಲು ಹಿಂದಿನ ಸಂಜೆಯೇ ಊರು ತಲುಪಿ ಒಂದು ರಾತ್ರಿ ಮಲಗಿ ಎದ್ದು ಹೋಗುವುದು ಸ್ವಲ್ಪ ಹೆಚ್ಚಿನ ಖರ್ಚು ನಿಜ. ಆ ಖರ್ಚನ್ನು ಒಪ್ಪಿಕೊಳ್ಳಿ ಎಂದೇ ನನ್ನ ಸಲಹೆ.

ಟಿಕೆಟಿನ ವಿಷಯದಲ್ಲೂ ಒಂದು ಮಾತು. 2005ರಲ್ಲಿ ಬಿಡದಿ ಬಳಿ ಆರಂಭವಾದ ವಂಡರ್‌ಲಾದಂಥ ಪಾರ್ಕುಗಳಲ್ಲಿ ಮಕ್ಕಳಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. ಎರಡು ವರ್ಷದ ಮಗುವಿನ ಸರಾಸರಿ ಎತ್ತರ 86-87 ಸೆಂಟಿಮೀಟರ್, ಮೂರು ವರ್ಷಕ್ಕೆ 95-96. ದೊಡ್ಡ ಸವಾರಿಗಳಿಗೆ ಸಾಮಾನ್ಯವಾಗಿ 120ರಿಂದ 140 ಸೆಂಟಿಮೀಟರ್ ಬೇಕು. ಅಂದರೆ ನಿಮ್ಮ ಪುಟ್ಟ ಮಗುವಿಗೆ ಅಲ್ಲಿರುವುದು ಕುದುರೆ ಸುತ್ತು, ಪುಟ್ಟ ರೈಲು, ಮೊಣಕಾಲಿನಷ್ಟು ನೀರು, ಅಷ್ಟೇ. ಅದಕ್ಕೆ ನಾಲ್ಕು ಗಂಟೆ ಬೇಕಾದಷ್ಟಾಯಿತು. “ನಾನು ತೊಡೆ ಮೇಲೆ ಕೂರಿಸಿಕೊಳ್ತೀನಿ ಬಿಡಿ” ಎಂದು ಸಿಬ್ಬಂದಿಯ ಜೊತೆ ವಾದ ಮಾಡುವ ತಂದೆಯರನ್ನು ನಾನೇ ನೋಡಿದ್ದೇನೆ. ಅಡ್ಡಪಟ್ಟಿ ನಿಮ್ಮ ತೊಡೆಯ ಅಳತೆಗೆ ಕೂರುತ್ತದೆ. ಮಗು ಅದರ ಕೆಳಗೆ ಜಾರಿಹೋಗುತ್ತದೆ. ದಯವಿಟ್ಟು ವಾದ ಮಾಡಬೇಡಿ.

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿ ಮೊಮ್ಮಕ್ಕಳ ಜೊತೆ ಡಿಸ್ನಿ ಪಾರ್ಕ್ ಸುತ್ತಿ ಬಂದ ಅಜ್ಜಿ ತಾತಂದಿರು ಈಗ ನಮ್ಮ ಬಡಾವಣೆಗಳಲ್ಲೂ ಇದ್ದಾರೆ. ಅಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ತಂದೆ ಸವಾರಿಗೆ ಹೋದಾಗ ತಾಯಿ ಚಿಕ್ಕ ಮಗುವಿನೊಂದಿಗೆ ಹೊರಗೆ ಕಾಯುತ್ತಾಳೆ. ಆತ ಬಂದ ಮೇಲೆ ಆಕೆ ಮತ್ತೆ ಉದ್ದ ಸಾಲಿನಲ್ಲಿ ನಿಲ್ಲದೆ ಹೋಗಬಹುದು. ನಮ್ಮಲ್ಲಿ ಸಾಲು ತಪ್ಪದಿದ್ದರೂ ಸರದಿಯ ಪದ್ಧತಿಯನ್ನು ನಾವೇ ಮಾಡಿಕೊಳ್ಳಬಹುದು. ಸಾಮಾನ್ಯವಾಗಿ ಇಡೀ ದಿನ ಮಗುವನ್ನು ಎತ್ತಿಕೊಂಡು ಕೂರುವುದು ತಾಯಿ ಅಥವಾ ಅಜ್ಜಿಯ ಪಾಲಿಗೇ ಬರುತ್ತದೆ. ಅವರೂ ಟಿಕೆಟ್ ಕೊಂಡೇ ಒಳಗೆ ಬಂದವರು ಎಂಬುದು ಮನೆಯ ಗಂಡಸರ ನೆನಪಿನಲ್ಲಿರಲಿ.

ಬಿಸಿಲಿಗೆ ದೊಡ್ಡವರಿಗಿಂತ ಎಳೆಯ ಮಕ್ಕಳ ಮೈ ಬೇಗ ಕಾಯುತ್ತದೆ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ಹೆಚ್ಚು, ಬೆವರುವ ಶಕ್ತಿ ಕಡಿಮೆ. ಬಾಯಾರಿಕೆ ಎಂದು ಹೇಳಲು ಬಾರದು, ಹಟ ಮಾಡುತ್ತಾರೆ ಅಷ್ಟೇ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಆರಂಭವಾದ ದಿನ ಸುಮಾರು 38 ಡಿಗ್ರಿ ಬಿಸಿಲು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಗಳು ಸಾಕಷ್ಟಿರಲಿಲ್ಲ, ಹೊಸದಾಗಿ ಹಾಕಿದ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಯಿತು. ಕೋಟಿಗಟ್ಟಲೆ ಸುರಿದು ಕಟ್ಟಿದ ಕಡೆಯೂ ಅಂದು ಜನರ ಬಾಯಲ್ಲಿದ್ದುದು ನೀರಿನ ಮಾತೇ. ನೀವು ಅರ್ಧ ಗಂಟೆಗೊಮ್ಮೆ, ಮಗು ಕೇಳಲಿ ಬಿಡಲಿ, ನಾಲ್ಕೈದು ಗುಟುಕು ನೀರು ಕೊಡಿ. ಎದೆಹಾಲು ಕುಡಿಯುವ ಮಗುವಿಗೆ ಹಾಲು ಹೆಚ್ಚು ಸಲ ಕೊಡಿ. ಮೂರು ಗಂಟೆಗೊಮ್ಮೆಯಾದರೂ ಡಯಾಪರ್ ಮುಟ್ಟಿ ನೋಡಿ. ಆರು ಗಂಟೆ ಒಣಗಿದ್ದರೆ, ಬಾಯಿ ಒಣಗಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ ಆಟ ಅಲ್ಲಿಗೆ ನಿಲ್ಲಲಿ.

ಚೀಲದಲ್ಲಿ ಎರಡು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಪೊಟ್ಟಣದ ಮೇಲೆ ಬರೆದ ಅಳತೆಯ ನೀರಿಗೆ, ದೊಡ್ಡ ಪೊಟ್ಟಣವಾದರೆ ಸರಿಯಾಗಿ ಒಂದು ಲೀಟರಿಗೆ, ಬೆರೆಸಬೇಕು. ಲೋಟಕ್ಕೊಂದು ಚಿಟಿಕೆ ಎಂಬ ಲೆಕ್ಕ ಬೇಡ. ಸರಿಯಾದ ದ್ರಾವಣದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಬಾಟಲಿಯ ತಂಪು ಪಾನೀಯದಲ್ಲಿ ಸಕ್ಕರೆ ಲೀಟರಿಗೆ 100 ಗ್ರಾಂ ದಾಟುತ್ತದೆ. ಭೇದಿಯಾಗುವ ಮಗುವಿಗೆ ಅದು ಕರುಳಿನೊಳಕ್ಕೆ ಇನ್ನಷ್ಟು ನೀರೆಳೆದು ಭೇದಿ ಹೆಚ್ಚಿಸುತ್ತದೆ. ಓಆರ್‌ಎಸ್ ಎಂಬ ಹೆಸರಿಟ್ಟುಕೊಂಡ ಸಿಹಿ ಡಬ್ಬಿ ಪಾನೀಯಗಳೂ ಬಹಳ ಕಾಲ ಔಷಧದಂಗಡಿಯಲ್ಲಿ ಮಾರಾಟವಾದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಆ ಪದ ಇರಕೂಡದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ಪುಡಿಯನ್ನೇ ಕೇಳಿ ಕೊಳ್ಳಿ.

ಊಟಕ್ಕೆ ಬೆಳಿಗ್ಗೆ ಐದಕ್ಕೆ ಕಲೆಸಿದ ಮೊಸರನ್ನವನ್ನು ಮಧ್ಯಾಹ್ನ ಒಂದಕ್ಕೆ ಬಿಸಿಲಲ್ಲಿ ಕಾದ ಡಬ್ಬಿಯಿಂದ ತಿನ್ನಿಸಬೇಡಿ. ಬಾಳೆಹಣ್ಣು, ಬೆಲ್ಲ ಸವರಿದ ಒಣ ಚಪಾತಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಹುರಿದ ರಾಗಿಹಿಟ್ಟು ಮೇಲು. ಹೊರಗಿನ ತಿಂಡಿ ಬಿಡದ ಪಾರ್ಕುಗಳೂ ಎಳೆಮಕ್ಕಳ ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ. ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ. ಪಾಪ್‌ಕಾರ್ನ್, ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ನಾಲ್ಕು ವರ್ಷದೊಳಗಿನವರ ಕೈಗೆ ಬೇಡವೇ ಬೇಡ. ಓಡುತ್ತಾ, ನಗುತ್ತಾ ತಿಂದ ಒಂದು ಕಾಳು ಶ್ವಾಸನಾಳಕ್ಕೆ ಇಳಿದರೆ ಅದನ್ನು ತೆಗೆಯಲು ಅರಿವಳಿಕೆ ಕೊಡಬೇಕಾಗುತ್ತದೆ.

ಇನ್ನು ನೀರು. ನನಗೆ ಅತಿ ಹೆಚ್ಚು ಭಯವಿರುವುದು ಇಲ್ಲೇ. ಸಿನಿಮಾದಲ್ಲಿ ಮುಳುಗುವವರು ಕೈ ಬಡಿಯುತ್ತಾರೆ, ಕೂಗುತ್ತಾರೆ. ಎರಡು ವರ್ಷದ ಮಗು ಸದ್ದಿಲ್ಲದೆ ಮುಳುಗುತ್ತದೆ. ಮೈಯ ಅಳತೆಗೆ ಹೋಲಿಸಿದರೆ ಅದರ ತಲೆ ಭಾರ, ಮುಗ್ಗರಿಸಿ ಮುಖ ನೀರಿಗೆ ಬಿದ್ದರೆ ಎತ್ತಲು ಬಾರದು. ಕೆಲವೇ ಅಂಗುಲ ನೀರು, ಒಂದೆರಡು ನಿಮಿಷ ಸಾಕು. ಗಾಳಿ ತುಂಬಿದ ತೋಳುಪಟ್ಟಿ, ಬಾತುಕೋಳಿ ಟ್ಯೂಬು ಆಟದ ಸಾಮಾನು, ರಕ್ಷಣೆಯಲ್ಲ. ಹತ್ತು ಜನ ನೆಂಟರು ಸುತ್ತ ಇದ್ದಾಗಲೇ ಅಪಾಯ ಹೆಚ್ಚು, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಹದಿನೈದು ನಿಮಿಷದ ಸರದಿ ಹಾಕಿಕೊಳ್ಳಿ. ಸರದಿಯಲ್ಲಿರುವವರು ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರ, ನೀರೊಳಗೇ ಇರಬೇಕು, ಮೊಬೈಲು ಲಾಕರಿನಲ್ಲಿರಲಿ. ಅಲೆಗಳ ಕೊಳ ಈ ವಯಸ್ಸಿಗೆ ಸಲ್ಲದು, ಎತ್ತಿಕೊಂಡಿದ್ದರೂ ಸಲ್ಲದು. ಇಪ್ಪತ್ತು ನಿಮಿಷವಾದ ಮೇಲೆ ಹೊರಗೆ ಕರೆತಂದು ಒರೆಸಿ, ಒಣಬಟ್ಟೆ ಹಾಕಿ. ತುಟಿ ನೀಲಿಯಾಗುವವರೆಗೆ ಕಾಯಬಾರದು.

ಅಕಸ್ಮಾತ್ ಮಗು ನೀರು ಕುಡಿದು ಉಸಿರಾಡದಿದ್ದರೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮಲ್ಲಿ ಇನ್ನೂ ಇದೆ. ಅಮೂಲ್ಯವಾದ ನಿಮಿಷಗಳು ಹೀಗೆಯೇ ಹೋಗುತ್ತವೆ. ಮೊದಲು ಬಾಯಿಗೆ ಬಾಯಿಟ್ಟು ಉಸಿರು ಊದಬೇಕು, ನಂತರ ಎದೆಯ ನಡುವೆ 30 ಸಲ ಒತ್ತಿ 2 ಸಲ ಊದುತ್ತಾ ಮುಂದುವರಿಸಬೇಕು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಪ್ರಥಮ ಚಿಕಿತ್ಸೆ ಕಲಿಸುವವರಿಂದ ಗೊಂಬೆಯ ಮೇಲೆ ಒಮ್ಮೆ ಅಭ್ಯಾಸ ಮಾಡಿದ್ದರೆ ಆ ಹೊತ್ತಿನಲ್ಲಿ ಕೈ ನಡುಗುವುದಿಲ್ಲ. ಬದುಕಿಕೊಂಡ ಮಗುವನ್ನೂ ಆಸ್ಪತ್ರೆಗೆ ತೋರಿಸಲೇಬೇಕು.

ಪ್ರಯಾಣದ ಔಷಧಿಯ ಬಗ್ಗೆ ಒಂದು ಎಚ್ಚರಿಕೆ. “ಬಸ್ಸಲ್ಲಿ ಅಳಬಾರದು” ಎಂದು ನಿದ್ದೆ ಬರಿಸುವ ಪ್ರೊಮೆಥಜೀನ್ ಸಿರಪ್ ಕುಡಿಸುವವರಿದ್ದಾರೆ. ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ಅದು ಕುಗ್ಗಿಸಬಹುದು, ಕೊಡಕೂಡದು. ಕಾರಿನಲ್ಲಿ ಹೋಗುವವರು ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ; ಹಿಂದೆ, ಮಕ್ಕಳ ಸೀಟಿನಲ್ಲಿ ಕಟ್ಟಿ. ನಿದ್ದೆ ಕೆಡುತ್ತದೆಂದು ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬಿಟ್ಟು ಹೋಗಬೇಡಿ.

ಆ ಸೋಮವಾರದ ಕುಟುಂಬ ಮತ್ತೆ ಬಂದದ್ದು ಮುಂದಿನ ಜನವರಿಯಲ್ಲಿ. ಈ ಸಲ ರೋಗ ಹಿಡಿದುಕೊಂಡಲ್ಲ, ಕೇಳಿಕೊಂಡು ಹೋಗಲು. ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಎರಡು ರಾತ್ರಿ ಉಳಿದು, ಜನ ಕಡಿಮೆ ಇರುವ ಮಂಗಳವಾರ ಪಾರ್ಕಿಗೆ ಹೋದರಂತೆ. ಇನ್ನೂ ಶಾಲೆಗೆ ಸೇರದ ಮಗು ಮಾತ್ರ ಇರುವವರಿಗೆ ಏಪ್ರಿಲ್ ಮೇ ತಿಂಗಳ ಹಂಗೇ ಬೇಡವಲ್ಲ! ಅಜ್ಜಿ ಮರದ ನೆರಳಿನಲ್ಲಿ ಹಳೆ ಸೀರೆ ಹಾಸಿ ಕೂಸನ್ನು ಒಂದೂವರೆ ಗಂಟೆ ಮಲಗಿಸಿದ್ದರು. ಬೆಳಿಗ್ಗೆ ಹೊರಡುವ ಮೊದಲು ಅಂದಿನ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆದು, ಮುಂಗೈ ಮೇಲೆ ತಂದೆಯ ಫೋನ್ ನಂಬರನ್ನು ಪೆನ್ನಿನಲ್ಲಿ ಬರೆದಿದ್ದರಂತೆ. ನಾನು ಹೇಳಿಕೊಟ್ಟದ್ದಲ್ಲ, ತಾಯಿಯ ಸ್ವಂತ ಬುದ್ಧಿ.

ಊರಿಗೆ ಬಂದ ಮೇಲೆ ಎರಡು ದಿನ ಮಗು ಹೆಚ್ಚು ಮಲಗಿದರೆ, ಸ್ವಲ್ಪ ಹಟ ಮಾಡಿದರೆ ಹೆದರಬೇಡಿ. ಕುಡಿದದ್ದೆಲ್ಲ ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಎಬ್ಬಿಸಿದರೂ ಕಣ್ಣು ಬಿಡದೆ ಮಂಕಾಗಿದ್ದರೆ ಅದೇ ದಿನ ವೈದ್ಯರಲ್ಲಿಗೆ ಬನ್ನಿ. ನೀರಿನಲ್ಲಿ ಆಡಿ ಬಂದು ನಾಲ್ಕಾರು ಗಂಟೆಯೊಳಗೆ ಬಿಡದ ಕೆಮ್ಮು, ಏದುಸಿರು ಶುರುವಾದರಂತೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಭೇದಿಯಾದ ಮಗುವನ್ನು ವಾಸಿಯಾದ ಮೇಲೂ ಎರಡು ವಾರ ಈಜುಕೊಳಕ್ಕೆ ಇಳಿಸಬೇಡಿ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಕ್ಲೋರಿನ್ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕಿರುತ್ತದೆ, ಈಜು ಡಯಾಪರ್ ಅದನ್ನು ತಡೆಯುವುದಿಲ್ಲ. ಅದೇ ನೀರನ್ನು ಗುಟುಕರಿಸಲು ಇನ್ನೊಬ್ಬರ ಮನೆಯ ಕೂಸೂ ಬರುತ್ತದೆ.