ಬಸ್ಸಿನ ಮೇಲೆ ‘ಕನ್ನಡ’, ಪರದೆಯ ಮೇಲೆ ಓರೆ ಅಕ್ಷರ

ಛತ್ರಪತಿ ಸಂಭಾಜಿನಗರದ ಬಸ್ ನಿಲ್ದಾಣದಲ್ಲಿ ಮೊದಲ ಸಲ ಇಳಿದಾಗ, ಒಂದು ಬಸ್ಸಿನ ಬೋರ್ಡಿನ ಮೇಲೆ ದೇವನಾಗರಿಯಲ್ಲಿ ‘ಕನ್ನಡ’ ಎಂದಿರುವುದು ಕಂಡು ಹಿಗ್ಗಿದ್ದೆ. ಆಮೇಲೆ ತಿಳಿಯಿತು, ಅದು ಇದೇ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಹೆಸರು. ಅಕ್ಷರ ಅವೇ, ಅರ್ಥ ಬೇರೆ. ಇಂಥದ್ದೇ ಒಂದು ಗೊಂದಲ ಕಳೆದ ಮಳೆಗಾಲದಲ್ಲಿ ನಮ್ಮ ಹುಡುಗನೊಬ್ಬನ ತಲೆಗೆ ತಪ್ಪು ಹೊರಿಸಿತ್ತು.

ನಾನಿರುವುದು ನಾಸಿಕ್‌ನಲ್ಲಿ. ಕಾರ್ಖಾನೆಯ ಯಂತ್ರಗಳಿಂದ ಮಾಹಿತಿ ಸಂಗ್ರಹಿಸುವ ಸಾಫ್ಟ್‌ವೇರ್ ನಮ್ಮ ಕೆಲಸ. ನಮ್ಮ ಒಂದು ಸರ್ವರ್ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿದೆ. ಒಂದು ರಾತ್ರಿ ಅಲ್ಲಿನ ಸಹೋದ್ಯೋಗಿ ಸೆಟ್ಟಿಂಗ್ ಒಂದನ್ನು ಬದಲಿಸಿ ಸೇವ್ ಮಾಡಿದ. ಬದಲಾವಣೆ ಜಾರಿಗೇ ಬರಲಿಲ್ಲ; ಇಡೀ ಪಾಳಿಯ ಲೆಕ್ಕ ದಾಖಲಾಗಲಿಲ್ಲ. ಬೆಳಿಗ್ಗೆ ‘ನಿರ್ಲಕ್ಷ್ಯ’ ಎಂಬ ಮೇಲ್ ಬಂತು. ವಿಚಾರಿಸಲು ನನ್ನನ್ನು ಕಳಿಸಿದರು.

ಚಹಾ ಕುಡಿಯುವಾಗ ಆತ ತಗ್ಗಿದ ದನಿಯಲ್ಲಿ ಹೇಳಿದ: ‘ಸರ್, ನನಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ.’

ನಾವು ಬಳಸುವ ಎಡಿಟರ್ ವಿಮ್. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದದ್ದು. ಅದರಲ್ಲಿ ಕಾಮೆಂಟ್‌ಗೆ, ಅಂದರೆ ಪ್ರೋಗ್ರಾಂ ಓದದೆ ಬಿಡುವ ಸಾಲುಗಳಿಗೆ, ಬೇರೆ ಬಣ್ಣದ ಜೊತೆಗೆ ಇಟ್ಯಾಲಿಕ್ ಕೂಡ ಇರುವಂತೆ ಸೆಟ್ಟಿಂಗ್ ಫೈಲ್ ಬರೆದು ಕಳಿಸಿದವನು ನಾನೇ. ನನಗೆ ಓರೆ ಅಕ್ಷರ ಅಲಂಕಾರ. ಬಣ್ಣ ನಂಬಲಾಗದ ಅವನಿಗೆ ಅದೇ ಆಧಾರ. ಆದರೆ ಅವನ ಪರದೆಯಲ್ಲಿ ಕಾಮೆಂಟ್‌ಗಳು ಓರೆಯಾಗಿರಲೇ ಇಲ್ಲ. ಬಣ್ಣ ತಿರುವುಮುರುವಾಗಿ ಬಿಳಿ ಪಟ್ಟಿಯಂತೆ ಹೊಳೆಯುತ್ತಿದ್ದವು. ಹುಡುಕಿದ ಪದ ಸಿಕ್ಕಾಗಲೂ ವಿಮ್ ಪಟ್ಟಿಯನ್ನೇ ತೋರಿಸುತ್ತದೆ. ಹಳೆಯ ಬೆಲೆ ಉಳಿಸಿಟ್ಟಿದ್ದ ಕಾಮೆಂಟ್ ಸಾಲನ್ನೇ ತಾನು ಹುಡುಕಿದ ಸಾಲೆಂದು ತಿಳಿದು ಅವನು ಅಂಕಿ ತಿದ್ದಿದ್ದ.

ದೋಷ ಎಲ್ಲಿ ಎಂದು ಒಂದೊಂದೇ ಹಂತ ನೋಡಿದೆವು. ಬರಿಯ ಟರ್ಮಿನಲ್‌ನಲ್ಲಿ ಒಂದು ಪದವನ್ನು ಇಟ್ಯಾಲಿಕ್ ಸಂಕೇತದೊಂದಿಗೆ ಮುದ್ರಿಸಿದಾಗ ಸರಿಯಾಗಿ ಓರೆಯಾಯಿತು. ಹಾಗಾಗಿ ಫಾಂಟ್ ತಪ್ಪಲ್ಲ. ಟಿಮಕ್ಸ್ ಒಳಗೆ ಮುದ್ರಿಸಿದಾಗ ಬಿಳಿ ಪಟ್ಟಿ! ಸಂಪರ್ಕ ಕಡಿದರೂ ಕೆಲಸ ಉಳಿಯಲೆಂದು ವಾಳೂಜ್‌ನಲ್ಲಿ ಟಿಮಕ್ಸ್ ಬಳಸುತ್ತಾರೆ. ನಾಸಿಕ್‌ನಲ್ಲಿ ನಾನು ಬಳಸುತ್ತಿರಲಿಲ್ಲ.

ಟರ್ಮಿನಲ್‌ಗಳಲ್ಲಿ ಸಾಮಾನ್ಯವಾಗಿ 3 ಎಂಬ ಸಂಕೇತಕ್ಕೆ ಇಟ್ಯಾಲಿಕ್ ಎಂದರ್ಥ. 1987ರ ಹಳೆಯ ‘ಸ್ಕ್ರೀನ್’ ಪ್ರೋಗ್ರಾಂನ ಪಟ್ಟಿಯಲ್ಲಿ ಅದೇ 3ಕ್ಕೆ ‘ಎದ್ದು ಕಾಣಿಸು’ ಎಂದರ್ಥ. ಅವನ ಟಿಮಕ್ಸ್ ತನ್ನನ್ನು ‘ಸ್ಕ್ರೀನ್’ ಎಂದೇ ಹೇಳಿಕೊಳ್ಳುತ್ತಿತ್ತು, ಹಾಗಾಗಿ ಓರೆ ಅಕ್ಷರವನ್ನು ಪಟ್ಟಿಯಾಗಿಸುತ್ತಿತ್ತು. ಬಸ್ ನಿಲ್ದಾಣದ ‘ಕನ್ನಡ’ ನೆನಪಾಯಿತು.

ಪರಿಹಾರ ಒಂದೇ ಸಾಲಿನದು. ಟಿಮಕ್ಸ್ ಸೆಟ್ಟಿಂಗ್‌ನಲ್ಲಿ ಡೀಫಾಲ್ಟ್ ಟರ್ಮಿನಲ್ ಹೆಸರನ್ನು ‘ಟಿಮಕ್ಸ್-256ಕಲರ್’ ಎಂದು ಬದಲಿಸಿದೆವು. ಹಳೆಯ ಸರ್ವರ್‌ಗೆ ಆ ಹೆಸರಿನ ಪರಿಚಯವಿರಲಿಲ್ಲ. ನಾಸಿಕ್‌ನ ಯಂತ್ರದಿಂದ ಅದರ ವಿವರವನ್ನು ‘ಇನ್ಫೋಕಂಪ್’ನಿಂದ ತೆಗೆದು, ಅಲ್ಲಿ ‘ಟಿಕ್’ನಿಂದ ಸೇರಿಸಿದೆವು. ಟಿಮಕ್ಸ್ ಅನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಹಳೆಯ ಕಿಟಕಿಗಳಿಗೆ ಹೊಸ ಹೆಸರು ಹತ್ತುವುದಿಲ್ಲ.

ಬಣ್ಣದಲ್ಲೂ ತೊಡಕಿತ್ತು. ವಿಮ್ 1.67 ಕೋಟಿ ಬಣ್ಣಗಳಲ್ಲಿ ಆರಿಸಿ ಕಳಿಸುತ್ತಿತ್ತು. ಹೊರಗಿನ ಟರ್ಮಿನಲ್‌ಗೆ ಅಷ್ಟು ಬಣ್ಣ ಸಾಧ್ಯವೆಂದು ಯಾರೂ ತಿಳಿಸದ ಕಾರಣ ಟಿಮಕ್ಸ್ ಅವನ್ನು ಹತ್ತಿರದ 256ಕ್ಕೆ ಇಳಿಸುತ್ತಿತ್ತು. ಅದನ್ನೂ ಸರಿಪಡಿಸಿದೆವು. ಹುಡುಕಿದ ಪದಕ್ಕೆ ಪಟ್ಟಿಯ ಬದಲು ದಪ್ಪಕ್ಷರ, ಅಡಿಗೆರೆ ಹಾಕಿದೆವು. ಇನ್ನು ಯಾವುದೂ ಬಣ್ಣವೊಂದನ್ನೇ ನೆಚ್ಚಿಲ್ಲ.

ನಾಸಿಕ್‌ಗೆ ಹೊರಡುವ ಮುನ್ನ ಆ ಮೇಲ್‌ಗೆ ಎಲ್ಲರಿಗೂ ಹೋಗುವಂತೆ ಉತ್ತರಿಸಿದೆ: ‘ಸೆಟ್ಟಿಂಗ್ ಫೈಲ್ ನನ್ನದು. ಅವರ ಪರದೆಯ ಮೇಲೆ ಒಮ್ಮೆಯೂ ಪರೀಕ್ಷಿಸದೆ ಕಳಿಸಿದ್ದೆ.’ ಅವನ ಕಣ್ಣಿನ ವಿಷಯ ಬರೆಯಲಿಲ್ಲ. ಅದನ್ನು ಹೇಳುವುದೋ ಬಿಡುವುದೋ ಅವನಿಗೆ ಬಿಟ್ಟದ್ದು.