ಎರಡು ನ್ಯಾನೋಮೀಟರ್ ಇಂಗಾಲ

ಮೇ ತಿಂಗಳಲ್ಲಿ ದಂಡೋತಿ, ಸೇಡಂ, ವಾಡಿ ಕಡೆ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸದಲ್ಲ. ಆ ಹೊತ್ತಿಗೆ ಮಾಳಿಗೆ ಮೇಲಿನ ಸೌರಫಲಕ ಅದಕ್ಕಿಂತ ಇನ್ನೂ 25 ಡಿಗ್ರಿಯಷ್ಟು ಹೆಚ್ಚು ಕಾದಿರುತ್ತದೆ. ಫಲಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುವ ಸಾಮರ್ಥ್ಯವನ್ನು ಅಳೆಯುವುದು ಮಾತ್ರ 25 ಡಿಗ್ರಿಯಲ್ಲಿ. ಹಾಗಾಗಿ ಪಾಲಿಮರ್ ಸೌರಕೋಶದ ಸುದ್ದಿ ಬಂದಾಗಲೆಲ್ಲ, ಇದು ನಮ್ಮ ಬೇಸಿಗೆಗೆ ತಾಳೀತೇ ಎಂದು ನಾನು ಮೊದಲು ನೋಡುತ್ತೇನೆ.

ಈ ಕೋಶದಲ್ಲಿ ವಿದ್ಯುತ್ ಹರಿಸಬಲ್ಲ ಪ್ಲಾಸ್ಟಿಕ್ಕನ್ನು ಕರಗಿಸಿ, ಬಾಗುವ ಹಾಳೆಯ ಮೇಲೆ ಬಳಿಯಬಹುದು. ಬೆಳಕು ಬಿದ್ದೊಡನೆ ಎಲೆಕ್ಟ್ರಾನೂ ಅದು ಬಿಟ್ಟ ರಂಧ್ರವೂ ಜೋಡಿಯಾಗಿ ಹುಟ್ಟುತ್ತವೆ. ಸುಮಾರು 10 ನ್ಯಾನೋಮೀಟರ್ ದೂರದೊಳಗೆ ಅವನ್ನು ಬೇರ್ಪಡಿಸದಿದ್ದರೆ ಮತ್ತೆ ಕೂಡಿ ಇಲ್ಲವಾಗುತ್ತವೆ. 60 ಇಂಗಾಲದ ಪರಮಾಣುಗಳ ಗೋಳವಾದ ಫುಲರೀನ್ ಆ ಎಲೆಕ್ಟ್ರಾನನ್ನು ಥಟ್ಟನೆ ಸೆಳೆದುಕೊಳ್ಳುತ್ತದೆಂದು 1992ರಲ್ಲಿ ಆಲನ್ ಹೀಗರ್ ಅವರ ತಂಡ ತೋರಿಸಿತು. ನಮ್ಮಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಫುಲರೀನ್, ನ್ಯಾನೋನಳಿಕೆ, ಗ್ರಾಫೀನ್‌ಗಳ ಬೆನ್ನುಹತ್ತಿದರೆ, ಕೆ.ಎಸ್. ನಾರಾಯಣ್ ಪಾಲಿಮರ್ ಕೋಶಗಳನ್ನು ಅಭ್ಯಸಿಸಿದ್ದಾರೆ.

ಬೇರ್ಪಟ್ಟ ಮೇಲೆ ರಂಧ್ರಗಳು ಒಂದು ಕಡೆಗೆ, ಎಲೆಕ್ಟ್ರಾನುಗಳು ಇನ್ನೊಂದು ಕಡೆಗೆ ಹೋಗಬೇಕು. ಆ ದಾರಿ ಕಾಯುವುದು ವಿದ್ಯುದ್ವಾರಕ್ಕೆ ತಾಗಿದ ತೆಳುಪದರ. ರಂಧ್ರಗಳ ಕಡೆ ಬಹುಕಾಲ ಬಳಸುತ್ತ ಬಂದ ಪೆಡಾಟ್-ಪಿಎಸ್‌ಎಸ್ ಎಂಬ ವಸ್ತುವಿಗೆ ಆಮ್ಲಗುಣವಿದೆ. ಅದು ತೇವ ಹೀರಿ, ಕೆಳಗಿನ ಪಾರದರ್ಶಕ ವಿದ್ಯುದ್ವಾರವನ್ನು ಮೆಲ್ಲಗೆ ತಿನ್ನುತ್ತದೆ. ಕಾಗಿಣಾ ನದಿ ತುಂಬಿ ಹರಿಯುವ ದಿನಗಳ ಥಂಡಿಗೆ ಇದು ಹೇಳಿಸಿದ್ದಲ್ಲ.

ಇದಕ್ಕೊಂದು ಬದಲಿ ಗ್ರಾಫೈಟಿನಿಂದ ಸಿಕ್ಕಿತು. ಶಹಾಬಾದ್ ಕಲ್ಲು ಪದರ ಪದರವಾಗಿ ಏಳುವ ಹಾಗೆ ಗ್ರಾಫೈಟೂ ಏಳುತ್ತದೆ. ಅದರ ಒಂದೇ ಪರಮಾಣು ದಪ್ಪದ ಹಾಳೆ ಗ್ರಾಫೀನ್. ಅದಕ್ಕೆ ಆಮ್ಲಜನಕ ಸೇರಿದ ಗ್ರಾಫೀನ್ ಆಕ್ಸೈಡ್ ನೀರಿನಲ್ಲಿ ಬೆರೆಯುವುದರಿಂದ ಬಳಿಯುವುದು ಸಲೀಸು. 2010ರಲ್ಲಿ ತೈವಾನಿನ ಸಂಶೋಧಕರು ಮನೀಶ್ ಛೋವಾಲಾ ಜತೆಗೂಡಿ ಇದನ್ನೇ ರಂಧ್ರಗಳ ಕಡೆಯ ನಡುಪದರವಾಗಿಸಿದರು. ಪದರವೇ ಇಲ್ಲದ ಕೋಶದ ದಕ್ಷತೆ ಶೇ 1.8; ಪೆಡಾಟ್ ಇದ್ದರೆ ಶೇ 3.6, ಗ್ರಾಫೀನ್ ಆಕ್ಸೈಡ್ ಹಾಕಿದಾಗ ಶೇ 3.5. ಪದರದ ದಪ್ಪ ಸುಮಾರು 2 ನ್ಯಾನೋಮೀಟರ್ ಅಷ್ಟೇ. ಅದನ್ನು 10ಕ್ಕೆ ಏರಿಸಿದಾಗ ದಕ್ಷತೆ ಕುಸಿಯಿತು, ಏಕೆಂದರೆ ಗ್ರಾಫೀನ್ ಆಕ್ಸೈಡಿನಲ್ಲಿ ವಿದ್ಯುತ್ ಸರಾಗ ಹರಿಯದು. ಎರಡು ವರ್ಷಗಳ ಬಳಿಕ ಲಿಮಿಂಗ್ ದಾಯ್ ತಂಡ ಅದಕ್ಕೆ ಸೀಸಿಯಮ್ ಸೇರಿಸಿ ಎಲೆಕ್ಟ್ರಾನುಗಳ ಕಡೆಗೂ ಬಳಸಿತು. ಒಂದೇ ವಸ್ತು ಎರಡೂ ಬಾಗಿಲು ಕಾಯಿತೆಂಬುದು ನನಗೆ ಇಂದಿಗೂ ಸೋಜಿಗ.

ಹಾಗೆಂದು ಕಾವಿನ ಸಮಸ್ಯೆ ಇಲ್ಲಿಗೇ ಬಗೆಹರಿಯಲಿಲ್ಲ. ಬಿಸಿಗೆ ಕೋಶದೊಳಗಿನ ಫುಲರೀನ್ ಅಣುಗಳು ಸರಿದು ಗುಂಪುಗೂಡುತ್ತವೆ. ನಡುಪದರ ಅದನ್ನು ತಡೆಯಲಾರದು. ಫುಲರೀನ್ ಬದಲು ಬೇರೆ ಅಣುಗಳನ್ನು ಬಳಸಿದ ಕೋಶಗಳು ಈಗ ಪ್ರಯೋಗಾಲಯದಲ್ಲಿ ಶೇ 19 ದಾಟಿವೆ. ಅವನ್ನು ತಂದು ಸೇಡಂನ ಮಾಳಿಗೆಯ ಮೇಲೆ, ಸಿಮೆಂಟ್ ಕಾರ್ಖಾನೆಗಳ ದೂಳಿನ ನಡುವೆ, ಒಂದು ಪೂರ್ತಿ ವರ್ಷ ಅಳೆದು ನೋಡಬೇಕು.