ಓದುಗರ ಅಂಕಣಕ್ಕೆ ಬರೆಯುವ ಮುನ್ನ

2016ರ ಆಗಸ್ಟ್‌ನಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದುಬಿತ್ತು. ಉಳಿದುದನ್ನು ಕೆಡವಬೇಕೆ, ಕಾಪಾಡಬೇಕೆ ಎಂಬ ಚರ್ಚೆ ಪತ್ರಿಕೆಗಳಲ್ಲಿ ಎದ್ದಿತು. ಆಗತಾನೆ ಅಧ್ಯಾಪಕನಾಗಿದ್ದ ನಾನು ಲಷ್ಕರ್ ಮೊಹಲ್ಲಾದ ನಮ್ಮ ಮನೆಯಲ್ಲಿ ಕುಳಿತು, ಕೆಡವಬೇಕೆಂದ ಹಿರಿಯರೊಬ್ಬರಿಗೆ ಖಾರವಾಗಿಯೇ ಉತ್ತರ ಬರೆದೆ. ಪರಂಪರೆಯ ಗಂಧವರಿಯದವರೆಂದು ಜರಿದೆ. ಅಚ್ಚಾಯಿತು, ಹಿಗ್ಗಿದೆ.

ವಾರದ ಮೇಲೆ ಅಶೋಕ ರಸ್ತೆಯಲ್ಲಿ ಅವರೇ ಎದುರಾದರು. “ನನ್ನ ಕಾಗದವನ್ನು ಪೂರ್ತಿ ಓದಿದಿರಾ?” ಎಂದಷ್ಟೇ ಕೇಳಿದರು. ಓದಿರಲಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಸತ್ತುದನ್ನು ನೆನೆದು, ಅಂಗಡಿಯವರ ಪ್ರಾಣಕ್ಕಾಗಿ ಅವರು ಮರುಗಿದ್ದರು. ಪರಂಪರೆಯ ಮಾತನ್ನೇ ಎತ್ತಿರಲಿಲ್ಲ.

ತತ್ತ್ವವನ್ನರಿಯಲು ಆಡುವುದು ವಾದ, ಗೆಲ್ಲಲೆಂದೇ ಆಡುವುದು ಜಲ್ಪ, ತನ್ನದೊಂದು ಪಕ್ಷವಿಲ್ಲದೆ ಎದುರಿನದನ್ನು ಕೆಡವುವುದು ವಿತಂಡವೆಂದು ನಮ್ಮ ನ್ಯಾಯಶಾಸ್ತ್ರ ವಿಂಗಡಿಸಿದೆ. ಇದನ್ನು ತರಗತಿಯಲ್ಲಿ ಬೋಧಿಸುತ್ತಿದ್ದವನ ಪತ್ರ ಅಪ್ಪಟ ಜಲ್ಪ!

ಈಗ ಯಾವ ಮಾತಿಗೆ ಉತ್ತರವೆಂಬುದನ್ನು ಮೊದಲ ಸಾಲಿನಲ್ಲೇ ತಿಳಿಸುತ್ತೇನೆ. ಒಂದು ಪತ್ರಕ್ಕೆ ಒಂದೇ ವಿಷಯ. ಬರೆದವರ ಕುಲ, ವಯಸ್ಸು, ವಿದ್ಯೆಗಳ ಗೊಡವೆ ಬೇಡ. ಬರೆದುದು ಒಂದು ರಾತ್ರಿ ಮೇಜಿನ ಮೇಲೆಯೇ ಇರಬೇಕು. ಬೆಳಿಗ್ಗೆ ನನಗಿಂತ ಮೊದಲು ನನ್ನ ಹೆಂಡತಿ ಓದಿದರೆ ಇನ್ನೂ ಒಳ್ಳೆಯದು. ಅವಳು ಹೊಡೆದುಹಾಕುವ ಸಾಲುಗಳು ಸಾಮಾನ್ಯವಾಗಿ ನಾನು ಬಹಳ ಮೆಚ್ಚಿಕೊಂಡವೇ ಆಗಿರುತ್ತವೆ.

ಜರಿದುದು ಹತ್ತು ಜನರ ಮುಂದೆ; ಆದುದರಿಂದ ಕ್ಷಮಾಪಣೆಯನ್ನೂ ಅದೇ ಅಂಕಣಕ್ಕೆ ಕಳುಹಿಸಿದೆ. ಅಚ್ಚಾಗಲಿಲ್ಲ. ಕೊನೆಗೆ ಅದರ ಪ್ರತಿಯೊಂದನ್ನು ಹಿಡಿದುಕೊಂಡು ನಾನೇ ಅವರ ಮನೆಯ ಬಾಗಿಲು ತಟ್ಟಿದೆ.